ಲಾರಿಯ ಹಿಂಬದಿಯ ರಾಜಕುಮಾರ

ಮದಿಯುನ್ ಊರಿನ ಮೂಡಣ ರೈಲ್ವೆ ಗೇಟು ಬಿದ್ದರೆ ಉಳಿದವರೆಲ್ಲ ಗೊಣಗುತ್ತಾರೆ, ಬು ವರ್ಸಿನಿ ಒಬ್ಬಳ ಮುಖ ಮಾತ್ರ ಅರಳುತ್ತದೆ. ಈ ಸೀಮೆಯಲ್ಲಿ ಹಿರಿಯ ಹೆಂಗಸರ ಹೆಸರಿಗೆ ಬು, ಗಂಡಸರ ಹೆಸರಿಗೆ ಪಾಕ್ ಸೇರಿಸಿ ಕರೆಯುವುದು ರೂಢಿ. ಗೇಟಿಗೆ ಅಂಟಿಕೊಂಡ ಹಾಗೇ ಇದೆ ಅವಳ ಪೆಚೆಲ್ ಅಂಗಡಿ. ಬೇಯಿಸಿದ ಸೊಪ್ಪು, ಮೊಳಕೆಕಾಳು, ಎಳೆ ಅಲಸಂದೆ, ಅದರ ಮೇಲೆ ಧಾರಾಳವಾಗಿ ಕಡಲೆಕಾಯಿ ಬೀಜದ ಖಾರದ ಗೊಜ್ಜು, ಪಕ್ಕಕ್ಕೊಂದು ಗರಿಗರಿ ಹಪ್ಪಳ. ಬಾಳೆಲೆಯಲ್ಲಿ ಮಡಿಸಿ ಕೊಟ್ಟರೆ ರೈಲು ದಾಟುವಷ್ಟರಲ್ಲಿ ಲಾರಿಯವರು ತಿಂದು ಮುಗಿಸಬೇಕು. ವಯಸ್ಸು ಅರವತ್ತಾರಾದರೂ ಅವಳ ಕೈ ನಿಧಾನವಾಗಿಲ್ಲ. ಬಾಯಂತೂ ಯಾವ ಕಾಲಕ್ಕೂ ನಿಧಾನವಾಗಿದ್ದದ್ದೇ ಇಲ್ಲ.

ಆ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಹೊರಡುವ ಕತೆ ಒಂದಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಊರೂರು ತಿರುಗುವ ಕೆತೊಪ್ರಾಕ್ ನಾಟಕ ಕಂಪನಿಯೊಂದರಲ್ಲಿ ದಾಸಿಯ ಪಾತ್ರ ಮಾಡಿಕೊಂಡಿದ್ದಳು. ಒಂದು ಸಂಜೆ ರಾಜಕುಮಾರನ ಪಾತ್ರದವನು ಟಿಕೆಟ್ ಹರಿಯುವ ಹುಡುಗಿಯ ಜೊತೆ ಓಡಿಹೋದ. ಬೇರೆ ದಾರಿಯಿಲ್ಲದೆ ದೀಪದ ಮಸಿಯಲ್ಲಿ ಇವಳಿಗೆ ಮೀಸೆ ಬರೆದು, ಸೊಂಟಕ್ಕೆ ಕಠಾರಿ ಸಿಕ್ಕಿಸಿ ರಂಗಕ್ಕೆ ನೂಕಿದರು. ಅಂದಿನಿಂದ ಎರಡು ವರ್ಷ ರಾಜಕುಮಾರ ರಾದೆನ್ ವಿರೊಸೆನೊ ಅಂದರೆ ಇವಳೇ. ಮುಂದಿನ ಸಾಲಿನ ಹೆಂಗಸರು ಸಿಗರೇಟು ಪ್ಯಾಕಿಗೆ ಚೀಟಿ ಸುತ್ತಿ ರಾಜಕುಮಾರನ ಕಾಲ ಬುಡಕ್ಕೆ ಎಸೆಯುತ್ತಿದ್ದರಂತೆ. ಇವಳು ಸೇದುವವಳಲ್ಲ, ಹಾಗಾಗಿ ಎರಡು ವರ್ಷ ಕಂಪನಿಯ ಮೃದಂಗದವನು ಬಿಟ್ಟಿ ಸಿಗರೇಟು ಸೇದಿದನಂತೆ.

ಈ ಕತೆಯನ್ನು ಮದಿಯುನ್‌ನಲ್ಲಿ ಕೇಳದವರಿಲ್ಲ, ನಂಬಿದವರೂ ಇಲ್ಲ. ಅವಳ ಗಂಡ ಪಾಕ್ ದಾರ್ತೊ ಅದೇ ಗೇಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು, ಕಂಪನಿ ಮುಚ್ಚಿದ ಮೇಲೆ ಅವಳನ್ನು ಮದುವೆಯಾದವನು. ಅವನ ಲೆಕ್ಕದಲ್ಲಿ ಅವಳು ಆ ಕಂಪನಿಯ ಬಾಗಿಲಲ್ಲಿ ಕಡಲೆಕಾಯಿ ಮಾರಿರಬೇಕು. ಜನ ತುಂಬಿರುವ ಹೊತ್ತಿಗೇ ಸರಿಯಾಗಿ ಬಂದು, ರಾಜಕುಮಾರರಿಗೆ ಪುರಸೊತ್ತಾದರೆ ಈ ಬಡವನಿಗೂ ಒಂದು ಪೆಚೆಲ್ ಕೊಡಲಿ ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಅವನ ಗೊಜ್ಜಿಗೆ ಮಾತ್ರ ಎರಡು ಮೆಣಸಿನಕಾಯಿ ಹೆಚ್ಚಿಗೆ ಬೀಳುತ್ತಿತ್ತು.

ಫೋಟೊ ಇದೆಯಾ ಎಂದು ಎಲ್ಲರೂ ಕೇಳುತ್ತಿದ್ದರು. ಇಕ್ಕಟ್ಟು ಇದ್ದದ್ದೇ ಅಲ್ಲಿ. ಕೆದಿರಿಯ ಸ್ಟುಡಿಯೋದವನೊಬ್ಬ ತೆಗೆದ ಒಂದೇ ಒಂದು ಫೋಟೊ ಇತ್ತು. ಅದನ್ನು ಟಿಕೆಟ್ ಕೌಂಟರಿನ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಕೆರ್ತೊಸೊನೊ ಊರಿನಲ್ಲಿ ಕ್ಯಾಂಪ್ ಹಾಕಿದ್ದಾಗ ಯಾರೋ ಗಾಜು ಸರಿಸಿ ಹಾರಿಸಿಬಿಟ್ಟರು. ಮರುವರ್ಷದ ಪ್ರವಾಹದಲ್ಲಿ ಬಟ್ಟೆಬರೆ, ಪರದೆ, ವಾದ್ಯ ಎಲ್ಲವೂ ಬ್ರಾಂತಾಸ್ ಹೊಳೆಯ ಪಾಲಾಯಿತು, ಕಂಪನಿಯೂ ಮುಳುಗಿತು. ಜೊತೆಗಾರರು ಒಬ್ಬೊಬ್ಬರೇ ಹೋದರು. ಹೋದ ವರ್ಷ ನಾಯಕಿಯ ಪಾತ್ರದವಳೂ ತೀರಿಕೊಂಡಳು. ಅವಳ ಸಾವಿನ ಮನೆಗೆ ಹೋಗಿ ಮಕ್ಕಳನ್ನು ಮಾತಾಡಿಸಿದರೆ, ಅಮ್ಮ ಯಾವತ್ತಾದರೂ ನಾಟಕ ಮಾಡಿದ್ದಳೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಬು ವರ್ಸಿನಿಗೆ ಒಂದು ಭಯ ಹತ್ತಿತು. ಜನ ನಂಬದಿದ್ದರೆ ಹೋಗಲಿ, ತನಗೇ ನಂಬಿಕೆ ಕಡಿಮೆಯಾಗುತ್ತಿತ್ತು. ಹೇಳಿ ಹೇಳಿ ಕತೆ ಎಷ್ಟು ನುಣ್ಣಗಾಗಿತ್ತೆಂದರೆ, ಅದು ನಡೆದದ್ದೋ, ತಾನೇ ಗೊಜ್ಜು ಅರೆಯುತ್ತಾ ಕಟ್ಟಿದ್ದೋ ತಿಳಿಯದಾಗಿತ್ತು. ರಾಜಕುಮಾರನ ದೊಡ್ಡ ಮಾತೊಂದು ಅರ್ಧಕ್ಕೇ ನಿಂತುಹೋಗುತ್ತಿತ್ತು, ಉಳಿದರ್ಧ ಎಷ್ಟು ತಿಣುಕಿದರೂ ಬಾಯಿಗೆ ಬರುತ್ತಿರಲಿಲ್ಲ. ನಡೆದದ್ದಾಗಿದ್ದರೆ ಮರೆಯುತ್ತಿತ್ತೇ ಎಂದು ಒಬ್ಬಳೇ ಇದ್ದಾಗ ಕೇಳಿಕೊಂಡು ಹೆದರುತ್ತಿದ್ದಳು.

ಹೀಗಿರುವಾಗ ಒಂದು ಮಂಗಳವಾರ ಬೆಳಗ್ಗೆ ಎಂಟೂವರೆಗೆ ಗೇಟು ಬಿತ್ತು. ಮರಳು ತುಂಬಿದ ಲಾರಿಯೊಂದು ಅಂಗಡಿಯನ್ನು ದಾಟಿ ಗೇಟಿಗೆ ಮೂತಿಯಿಟ್ಟು ನಿಂತಿತು. ಈ ಸೀಮೆಯಲ್ಲಿ ಹಿಂಬದಿಗೆ ಚಿತ್ರ ಬರೆಸದ ಲಾರಿಯೇ ಇಲ್ಲ. ದೊಡ್ಡ ಕಣ್ಣಿನ ಹುಡುಗಿ, ಹುಲಿ, ಅಳುತ್ತಿರುವ ತಾಯಿ, ಅದರ ಕೆಳಗೊಂದು ಪೋಲಿ ಮಾತು. ಬು ವರ್ಸಿನಿ ಅಂಥವನ್ನು ದಿನಕ್ಕೆ ನೂರು ನೋಡುತ್ತಾಳೆ. ಆದರೂ ಒರಳಿನಿಂದ ಸುಮ್ಮನೆ ತಲೆಯೆತ್ತಿದವಳು ಅಲ್ಲೇ ಕಲ್ಲಾದಳು.

ಲಾರಿಯ ಹಿಂಬದಿಯಲ್ಲಿ ಒಬ್ಬ ರಾಜಕುಮಾರ ನಿಂತಿದ್ದ. ತಲೆಗೆ ಜರಿಯ ರುಮಾಲು, ಕಿವಿಯ ಹಿಂದೆ ಮಲ್ಲಿಗೆಯ ಎಸಳು, ಚೂಪು ಮೀಸೆ. ಎಡಹುಬ್ಬು ಮೇಲೇರಿತ್ತು. ಕಠಾರಿಯ ಹಿಡಿಯ ಮೇಲಿದ್ದ ಕೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರದೆ ಕೊಕ್ಕೆಯಂತೆ ಹೊರಗೆ ಬಾಗಿತ್ತು. ಬು ವರ್ಸಿನಿ ತನ್ನ ಬಲಗೈ ನೋಡಿಕೊಂಡಳು. ಏಳನೆಯ ವಯಸ್ಸಿನಲ್ಲಿ ಭತ್ತದ ಒನಕೆಗೆ ಸಿಕ್ಕಿ ಮುರಿದು, ಅಡ್ಡಾದಿಡ್ಡಿ ಕೂಡಿಕೊಂಡ ಕಿರುಬೆರಳು ಗೊಜ್ಜಿನಲ್ಲಿ ಮುಳುಗಿಯೂ ಹೊರಗೇ ಬಾಗಿತ್ತು. ಚಿತ್ರದ ಕೆಳಗೆ ಕೆಂಪಕ್ಷರದಲ್ಲಿ, ಹಿಂದೆ ಬಂದವರು ಮನಸೋತರೆ ಚಾಲಕ ಹೊಣೆಯಲ್ಲ, ಎಂದು ಬರೆದಿತ್ತು.

ರೈಲು ದಡದಡನೆ ಹೋಯಿತು, ಗೇಟು ಎದ್ದಿತು, ರಾಜಕುಮಾರ ಹೊರಟ.

ಅದೇ ಹೊತ್ತಿಗೆ ಸೊಸೆ ವಿವಿಕ್ ದಿನದಂತೆ ಮೊಳಕೆಕಾಳಿನ ಚೀಲ ಹೊತ್ತು ಸ್ಕೂಟರಿನಲ್ಲಿ ಬಂದಳು. ಇಳಿಯುವುದಕ್ಕೂ ಬಿಡದೆ ಅತ್ತೆ ಹಿಂದೆ ಹತ್ತಿ ಕೂತಳು, ಅದೂ ಒರಳಿನ ಗುಂಡುಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ. ಪೆಚೆಲ್ ತಿನ್ನುತ್ತಿದ್ದ ಗಿರಾಕಿಯೊಬ್ಬನಿಗೆ, ನಾನು ಬರೋವರೆಗೆ ಅಂಗಡಿ ನಿಂದೇ, ಎಂದು ಹೇಳಿ ಸೊಸೆಯ ಬೆನ್ನಿಗೆ ಗುದ್ದಿದಳು.

"ಆ ಲಾರಿ ಹಿಂದೆ ಹೋಗು."

"ಯಾಕತ್ತೆ, ದುಡ್ಡು ಕೊಡದೆ ಹೋದ್ನಾ?"

"ಅದ್ರ ಮೇಲಿರೋದು ನಾನು ಕಣೇ."

ವಿವಿಕ್ ಕಣ್ಣು ಕಿರಿದು ಮಾಡಿ ನೋಡಿದಳು. "ಅತ್ತೆ, ಅದು ಗಂಡಸು."

"ಹೌದು, ನಾನೇ. ನಡಿ."

ವಿವಿಕ್‌ಗೆ ಅತ್ತೆಯ ಮಾತಿನಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಬೆಳಗ್ಗೆ ಬೆಳಗ್ಗೆ ಯಾವುದಾದರೂ ಲಾರಿಯನ್ನು ಅಟ್ಟಿಸಿಕೊಂಡು ಹೋಗು ಅಂದರೆ ಬೇಡವೆನ್ನುವ ಜಾತಿಯವಳಲ್ಲ ಅವಳು. ಮೊಳಕೆಕಾಳಿನ ಚೀಲವನ್ನು ಕಾಲ ನಡುವೆ ಇಟ್ಟುಕೊಂಡೇ ಸ್ಕೂಟರನ್ನು ಹಾರಿಸಿದಳು. ಎರಡೇ ನಿಮಿಷದಲ್ಲಿ ಲಾರಿಯ ಬೆನ್ನಿಗೆ ಬಿದ್ದಿದ್ದಳು. ದಾಟಿ ಮುಂದೆ ಹೋಗಿ ಅಡ್ಡ ನಿಲ್ಲಿಸೋಣವೆಂದು ಬಲಕ್ಕೆ ತಿರುಗಿಸಿದರೆ ಅತ್ತೆ ಭುಜ ಹಿಡಿದು ಎಳೆದಳು.

"ಹಿಂದೇ ಇರು, ಹಿಂದೇ ಇರು."

"ಮುಂದೆ ಹೋದ್ರೆ ತಾನೆ ನಿಲ್ಸೋಕಾಗೋದು?"

"ಮುಂದೆ ಹೋದ್ರೆ ಮುಖ ಕಾಣಲ್ವಲ್ಲೇ."

ಹೀಗೆ ಕರುಬಾನ್ ದಾರಿಯುದ್ದಕ್ಕೂ ಅವರು ರಾಜಕುಮಾರನ ಹಿಂದೆಯೇ ಹೋದರು. ಲಾರಿಯಿಂದ ಮರಳು ಉದುರಿ ಇಬ್ಬರ ಹಲ್ಲಿನಲ್ಲೂ ಕರಕರ ಅನ್ನುತ್ತಿತ್ತು. ಬು ವರ್ಸಿನಿಗೆ ಅದರ ಪರಿವೆ ಇರಲಿಲ್ಲ. ನಲವತ್ತೇಳು ವರ್ಷ ಕಾಣದ ತನ್ನ ಮುಖ ಮೂರು ಮಾರು ದೂರದಲ್ಲಿ, ಬಾಗಿಲಿನಷ್ಟು ದೊಡ್ಡದಾಗಿ, ಪ್ರತಿ ಹಳ್ಳಕ್ಕೂ ಎಗರಿ ಎಗರಿ ಅವಳಿಗೆ ತಲೆದೂಗುತ್ತಿತ್ತು. ನೋಡುತ್ತಿದ್ದಂತೆ ಮರೆತದ್ದೆಲ್ಲ ಒಂದರ ಹಿಂದೆ ಒಂದು ನುಗ್ಗಿಬಂತು. ಕೊಬ್ಬರಿ ಎಣ್ಣೆಯಲ್ಲಿ ಮಸಿ ಕಲೆಸುವಾಗಿನ ವಾಸನೆ. ಬಿದಿರು ತಟ್ಟಿಯ ಹಿಂದೆ ನಾಯಕಿ ಕದ್ದು ತಿನ್ನುತ್ತಿದ್ದ ಬೆಲ್ಲದ ಮಿಠಾಯಿ. ತಗಡಿನ ಮೇಲೆ ಮಳೆ ಬಿದ್ದು ಒಂದು ಮಾತೂ ಕೇಳಿಸದೆ, ಇಡೀ ಯುದ್ಧವನ್ನು ಮೂಕಾಭಿನಯದಲ್ಲೇ ಮುಗಿಸಿದ ರಾತ್ರಿ. ಕಳುವಾದ ಆ ಫೋಟೊ ತೆಗೆಯುವಾಗ ಸ್ಟುಡಿಯೋದವನು ಹುಬ್ಬು ಇಳಿಸಿ ಅಂದಿದ್ದ, ಅವಳು ಇಳಿಸಿರಲಿಲ್ಲ. ಅದಂತೂ ಕತೆಯಲ್ಲಿ ಯಾವತ್ತೂ ಹೇಳಿದ್ದೇ ಇಲ್ಲ, ಅವಳಿಗೇ ನೆನಪಿರಲಿಲ್ಲ. ಕಟ್ಟಿದ ಕತೆಯಾಗಿದ್ದರೆ ಇದೆಲ್ಲಿಂದ ಬರಬೇಕು ಎಂದು ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಸ್ಕೂಟರಿನ ಮೇಲೆ ಕುಣಿಯಲಾಗದ್ದಕ್ಕೆ ಸೊಸೆಯ ಬೆನ್ನ ಮೇಲೆ ತಾಳ ಹಾಕಿದಳು, ಗುಂಡುಕಲ್ಲು ಇದ್ದ ಕೈಯಲ್ಲಿ ಅಲ್ಲ ಎಂಬುದೊಂದೇ ಪುಣ್ಯ.

ಕರುಬಾನ್ ಹತ್ತಿರ ಲಾರಿ ರಸ್ತೆ ಬಿಟ್ಟು ತಗ್ಗಿನ ಅಂಗಳವೊಂದಕ್ಕೆ ಇಳಿಯಿತು. ಸುತ್ತ ಬಣ್ಣದ ಡಬ್ಬಿಗಳು, ಅರ್ಧ ಬರೆದ ಹುಲಿಗಳು, ತೇಗದ ಮರದ ನೆರಳು. ಲಾರಿಗಳಿಗೆ ಚಿತ್ರ ಬರೆಯುವ ಪಾಕ್ ಗಿಮನ್‌ನ ಜಾಗ ಅದು. ಗಿಮನ್ ಸಣಕಲು ಮನುಷ್ಯ, ಮಾತು ಕಡಿಮೆ, ಬಣ್ಣದ ವಿಷಯದಲ್ಲಿ ಜಿಪುಣ. ಲಾರಿಯಿಂದ ಇಳಿದ ಚಾಲಕ ಜುಮಾದಿಗೆ ಮೂವತ್ತೈದರ ಪ್ರಾಯ, ಹೊಟ್ಟೆ ಅಂಗಿಯಿಂದ ಒಂದು ಗೇಣು ಮುಂದಿತ್ತು. ಅವನು ಲಾರಿಯ ಹಿಂದಕ್ಕೆ ಬಂದು, ಈ ಮೀಸೆಯವನು ಸಾಕಾದ, ಎಲ್ಲರ ಲಾರಿಯಲ್ಲೂ ಇರುವಂಥ ಚಂದದ ಹುಡುಗಿಯನ್ನು ಬರೆದುಕೊಡು ಎಂದು ಗಿಮನ್‌ಗೆ ಹೇಳುತ್ತಿರುವಾಗಲೇ ಬು ವರ್ಸಿನಿ ಸ್ಕೂಟರಿನಿಂದ ಜಿಗಿದು, ಎರಡೂ ಕೈ ಚಾಚಿ, ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು.

"ಮುಟ್ಟಬೇಡಿ. ಇದು ನಾನು."

ಜುಮಾದಿ ಗುಂಡುಕಲ್ಲನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವಳ ಮಾತು ತಲೆಗೆ ಹೋಗಿ ಹೊಟ್ಟೆ ಕುಲುಕಿಸಿಕೊಂಡು ನಕ್ಕ. ಅಜ್ಜಿ, ಇವರು ನನ್ನ ಸೋದರಮಾವ, ಎಂದು ತಿಳಿಹೇಳಿದ. ಅವನ ತಾಯಿಯ ಅಣ್ಣನಂತೆ. ಹಡಗಿನಲ್ಲಿ ಕೆಲಸಕ್ಕೆ ಹೋದವರು ಸಮುದ್ರದಲ್ಲೇ ತೀರಿಹೋದರಂತೆ, ಅವನು ಹುಟ್ಟುವುದಕ್ಕೂ ಮುಂಚೆ. ಮನೆಯಲ್ಲಿ ಅವರ ಫೋಟೊ ಇದೆ, ಆರು ವರ್ಷದ ಹಿಂದೆ ಅದನ್ನೇ ನೋಡಿ ಗಿಮನ್ ಇದನ್ನು ಬರೆದದ್ದು. ಪ್ರತಿವರ್ಷ ಉಪವಾಸದ ತಿಂಗಳಿಗೆ ಮುಂಚೆ, ಹಿರಿಯರನ್ನು ನೆನೆಯುವ ದಿನಗಳಲ್ಲಿ, ಆ ಫೋಟೊದ ಮುಂದೆ ಹೂವಿಟ್ಟು, ಎಡೆ ಇಟ್ಟು, ಮೌಲ್ವಿಯನ್ನು ಕರೆಸಿ ಪ್ರಾರ್ಥನೆ ಮಾಡಿಸುತ್ತಾರೆ. ಅವನ ತಂದೆ ಬದುಕಿದ್ದಷ್ಟು ಕಾಲ ಒಂದು ವರ್ಷವೂ ತಪ್ಪಿಸಿದವರಲ್ಲ, ಹೋಗುವಾಗ ಮಗನಿಗೂ ಅದನ್ನೇ ಹೇಳಿ ಹೋದರು.

ಬು ವರ್ಸಿನಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಬದುಕಿರುವಾಗಲೇ ತನಗೆ ಮೂವತ್ತು ನಲವತ್ತು ವರ್ಷದಿಂದ ಯಾರದೋ ಮನೆಯಲ್ಲಿ ಎಡೆ ಬೀಳುತ್ತಿದೆ ಎಂಬುದನ್ನು ಅರಗಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಎಡೆಗೆ ಏನಿಡ್ತೀರಿ?" ಎಂದು ಕೊನೆಗೆ ಕೇಳಿದಳು.

"ಕಪ್ಪು ಕಾಫಿ. ಬಾಳೆಹಣ್ಣು ಕರಿದಿದ್ದು. ಒಂದು ಲವಂಗದ ಸಿಗರೇಟು."

"ಪೆಚೆಲ್ ಇಡಲ್ವಾ?"

"ಮಾವನಿಗೆ ಸೊಪ್ಪು ಸೇರ್ತಿರಲಿಲ್ವಂತೆ."

"ಯಾರಯ್ಯ ಹೇಳಿದ್ದು ಹಾಗಂತ?" ಎಂದು ಅವಳು ಗುಡುಗಿದಳು. ತಾನು ಸತ್ತೆನೆಂದಾಗ ಸಹಿಸಿಕೊಂಡವಳಿಗೆ ಇದನ್ನು ಸಹಿಸಲಾಗಲಿಲ್ಲ. ವಿವಿಕ್ ಸ್ಕೂಟರಿಗೆ ಒರಗಿ, ಮುಖಕ್ಕೆ ಕೈ ಅಡ್ಡ ಹಿಡಿದು, ಭುಜ ಕುಣಿಸುತ್ತಾ ನಗುತ್ತಿದ್ದಳು.

ಇಷ್ಟರಲ್ಲಿ ಪಾಕ್ ಗಿಮನ್ ತನ್ನ ಕೆಲಸ ಶುರುಮಾಡಿಬಿಟ್ಟಿದ್ದ. ಅವನಿಗೆ ಹಗಲಿನ ಬೆಳಕು ಮುಖ್ಯ, ಯಾರ ಮಾವ ಯಾರು ಎಂಬುದಲ್ಲ. ಇಡೀ ಚಿತ್ರ ಅಳಿಸಿ ಹೊಸದಾಗಿ ಬರೆದರೆ ನಾಲ್ಕು ಡಬ್ಬಿ ಬಣ್ಣ ಬೇಕು. ಅವನು ಮುಖವನ್ನು ಅಳೆದು ನೋಡಿ, ಕಣ್ಣು ಚೆನ್ನಾಗಿದೆ, ಮೂಗೂ ಪರವಾಗಿಲ್ಲ, ಮೀಸೆ ಕೆರೆದು ತೆಗೆದು ಕಿವಿಗೊಂದು ಓಲೆ ಹಾಕಿದರೆ ಹುಡುಗಿಯಾಗುತ್ತಾಳೆ ಎಂದು ಲೆಕ್ಕ ಹಾಕಿದ್ದ. ಬು ವರ್ಸಿನಿ ಪೆಚೆಲ್ ವಿಷಯದಲ್ಲಿ ಜುಮಾದಿಯ ಮೇಲೆ ಹರಿಹಾಯುತ್ತಿದ್ದಾಗ ಅವಳ ಬೆನ್ನ ಹಿಂದೆ ನುಸುಳಿ, ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ತಿಕ್ಕಿ ಮೀಸೆಯನ್ನು ಪೂರಾ ತೆಗೆದಿದ್ದ. ಅವಳು ತಿರುಗಿ ನೋಡಿ ಚೀರುವ ಮೊದಲೇ ನಗುತ್ತಿದ್ದ ವಿವಿಕ್ ಸುಮ್ಮನಾದಳು.

ಮೀಸೆಯಿಲ್ಲದ ಆ ಬಾಯನ್ನು ವಿವಿಕ್ ದಿನಾ ನೋಡುತ್ತಿದ್ದಳು. ಮೇಲ್ದುಟಿ ಎಡಕ್ಕೆ ಒಂಚೂರು ಎತ್ತಿಕೊಂಡು, ಏನೋ ತುಂಟತನ ಮಾಡಿ ಒಪ್ಪಿಕೊಳ್ಳದೆ ನಿಂತಂತಿದ್ದ ಬಾಯಿ. ಅವಳ ಒಂಬತ್ತು ವರ್ಷದ ಮಗಳ ಬಾಯಿ ಅದು. ಆಸ್ಪತ್ರೆಯಲ್ಲಿ ಮಗುವನ್ನು ಕೈಗೆ ಕೊಟ್ಟ ದಿನದಿಂದ ಇದು ಯಾರ ಕಡೆಯಿಂದ ಬಂತೆಂದು ಎರಡೂ ಮನೆಯವರು ಜಗಳಾಡಿದ್ದರು. ವಿವಿಕ್ ಚಿತ್ರದ ಹತ್ತಿರ ಹೋದಳು, ಅತ್ತೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಮತ್ತೆ ಚಿತ್ರ ನೋಡಿದಳು.

"ಜುಮಾದಿಯಣ್ಣ," ಎಂದಳು ಮೆಲ್ಲಗೆ, "ನೀವು ಎಡೆ ಇಡ್ತಿದ್ದಿದ್ದು ನಮ್ಮತ್ತೆಗೇ."

ಜುಮಾದಿ ಒಮ್ಮೆ ಚಿತ್ರ, ಒಮ್ಮೆ ಮುದುಕಿ, ಒಮ್ಮೆ ಕಿರುಬೆರಳು ನೋಡಿದ. ಪ್ರೇತದ ಎದುರು ನಿಂತಿದ್ದೇನೋ, ಪೆಚೆಲ್ ಮಾರುವವಳ ಎದುರೋ ಎಂದು ಅವನಿಗೆ ಖಾತ್ರಿಯಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಅವಳ ಕೈ ಹಿಡಿದು ಹಣೆಗೊತ್ತಿಕೊಂಡು ನಮಸ್ಕಾರ ಮಾಡಿ, ದೂರ ಹೋಗಿ ತಾಯಿಗೆ ಫೋನ್ ಮಾಡಿದ. ಅಮ್ಮಾ, ಮಾವ ಬಂದಿದ್ದಾರೆ, ಮಾವ ಹೆಂಗಸು, ಎಂದ. ಆ ಕಡೆಯಿಂದ, ಅವರನ್ನು ಕೂರಿಸಿಕೊಂಡಿರು, ನಾನು ಹೊರಟೆ, ಎಂದಷ್ಟೇ ಉತ್ತರ ಬಂತು. ಅವನ ತಾಯಿ ಮಿಸ್ನಾಳ ಮನೆ ಅಲ್ಲಿಂದ ಎರಡು ಹಳ್ಳಿ ಆಚೆ.

ಕೂರುವವರು ಯಾರು? ಬು ವರ್ಸಿನಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆ ಫೋಟೊ ಇಟ್ಟುಕೊಂಡವಳು ನಾಟಕ ನೋಡಿರಲೇಬೇಕು. ನಲವತ್ತೇಳು ವರ್ಷದ ನಂತರ ರಾದೆನ್ ವಿರೊಸೆನೊನನ್ನು ಕಣ್ಣಾರೆ ಕಂಡ ಒಬ್ಬಳು ಪ್ರೇಕ್ಷಕಿ ಬರುತ್ತಿದ್ದಾಳೆ, ಇವಳನ್ನು ಹೀಗೆ ಗೊಜ್ಜು ಮೆತ್ತಿದ ರವಿಕೆಯಲ್ಲಿ ನೋಡುವುದೆಂದರೇನು? ಗಿಮನ್ ಕಾಫಿ ಕಾಯಿಸುವ ಕೆಟಲಿಯನ್ನು ತಲೆಕೆಳಗು ಮಾಡಿ ತಳದ ಮಸಿಯನ್ನು ಬೆರಳಿಗೆ ತೆಗೆದುಕೊಂಡಳು. ಎಣ್ಣೆ ಇರಲಿಲ್ಲ, ವಿವಿಕ್ ತನ್ನ ಚೀಲದಿಂದ ಕೈಗೆ ಹಚ್ಚುವ ಕ್ರೀಮು ಕೊಟ್ಟಳು. ಲಾರಿಯ ಕನ್ನಡಿಯಲ್ಲಿ ನೋಡಿಕೊಂಡು ಎರಡೇ ಗೆರೆಯಲ್ಲಿ ಮೀಸೆ ಬರೆದಳು. ತಲೆವಸ್ತ್ರ ತೆಗೆದು ಅದನ್ನೇ ಗಂಡಸರ ರುಮಾಲಿನಂತೆ ಸುತ್ತಿ, ಕೂದಲನ್ನೆಲ್ಲ ಅದರೊಳಗೆ ಕಟ್ಟಿದಳು. ಗಿಮನ್‌ನ ದೊಡ್ಡ ಕುಂಚ ಸೊಂಟಕ್ಕೆ ಸೇರಿತು. ವಿವಿಕ್‌ಗೆ ಈಗ ಉತ್ಸಾಹ ಅತ್ತೆಗಿಂತ ಒಂದು ಕೈ ಹೆಚ್ಚೇ ಆಗಿತ್ತು, ಅವಳು ಬಣ್ಣದ ಡಬ್ಬಿಗಳನ್ನು ಬೋರಲು ಹಾಕಿ ಕೋಲು ತಗೊಂಡು ಬಡಿಯಲು ಕೂತಳು. ಬಣ್ಣ ಪೋಲಾಗುತ್ತದೆ ಎಂದು ಗಿಮನ್ ಗೋಗರೆಯುತ್ತಿದ್ದ, ಕೇಳುವವರಿರಲಿಲ್ಲ.

ಒಂದು ಪಿಕಪ್ ವ್ಯಾನು ದೂಳೆಬ್ಬಿಸಿಕೊಂಡು ಬಂದು, ತಿರುವಿನಲ್ಲೂ ವೇಗ ತಗ್ಗಿಸದೆ, ತೇಗದ ಮರಕ್ಕೆ ಒಂದು ಮೊಳ ಬಿಟ್ಟು ನಿಂತಿತು. ಚಾಲಕನ ಜಾಗದಿಂದ ಇಳಿದದ್ದು ಅರವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಕೈಯಲ್ಲಿ ಚೌಕಟ್ಟು ಹಾಕಿಸಿದ ಫೋಟೊ ಇತ್ತು. ನಾಲ್ಕು ಹೆಜ್ಜೆ ಬಂದವಳು ರಾಜಕುಮಾರನನ್ನು ನೋಡಿ ನಿಂತುಬಿಟ್ಟಳು.

ಬು ವರ್ಸಿನಿ ಎಡಹುಬ್ಬು ಏರಿಸಿದಳು. ಒಂದು ಕಾಲು ಮುಂದಿಟ್ಟು, ಕುಂಚದ ಹಿಡಿಯ ಮೇಲೆ ಕೈಯಿಟ್ಟು, ಹೊಟ್ಟೆಯಾಳದಿಂದ ದನಿ ತೆಗೆದಳು.

"ಎಲವೋ ಪರದೇಶಿ, ನನ್ನ ತಂದೆಯ ನೆಲವನ್ನು ಬಯಸಿ ಬಂದವನೇ, ಮೊದಲು ನನ್ನ ನೆರಳನ್ನು ದಾಟಿ ತೋರು. ದಾಟಿದೆಯಾದರೆ..."

ಅಲ್ಲಿಗೆ ನಿಂತಿತು. ದಿನಾ ನಿಲ್ಲುವ ಜಾಗದಲ್ಲೇ ನಿಂತಿತು. ಡಬ್ಬಿಯ ಸದ್ದೂ ನಿಂತಿತು. ಬು ವರ್ಸಿನಿಗೆ ಮೀಸೆ, ರುಮಾಲು, ಕುಂಚ ಎಲ್ಲವೂ ಒಮ್ಮೆಲೇ ಹುಚ್ಚು ಮುದುಕಿಯೊಬ್ಬಳ ವೇಷದಂತೆ ಅನ್ನಿಸಿ, ಕಣ್ಣು ತುಂಬಿಕೊಂಡಿತು. ಈ ಹೆಂಗಸೂ ಈಗ ನಕ್ಕರೆ ಇನ್ನು ತನಗೆ ತಾನೇ ಏನೂ ಹೇಳಿಕೊಳ್ಳಲು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಮಿಸ್ನಾ ನಗಲಿಲ್ಲ. ಫೋಟೊವನ್ನು ಎದೆಗೆ ಒತ್ತಿಕೊಂಡು, ಶಾಲೆಯ ಹುಡುಗಿ ಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದಳು.

"ದಾಟಿದೆಯಾದರೆ ನೆಲ ನಿನ್ನದು, ನೆರಳು ನಿನ್ನದು, ಕಠಾರಿಯ ಮೊನೆ ಮಾತ್ರ ನನ್ನದು."

ಅದೇ. ಅಕ್ಷರ ಅಕ್ಷರವೂ ಅದೇ. ಬು ವರ್ಸಿನಿ ಲಾರಿಯ ಚಕ್ರಕ್ಕೆ ಒರಗಿ ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಮಿಸ್ನಾ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ಮತ್ತೆ ನಕ್ಕರು, ಮೀಸೆ ಕಣ್ಣೀರಿಗೆ ಕರಗಿ ಗಲ್ಲದವರೆಗೆ ಇಳಿಯಿತು.

ಆಮೇಲೆ ಜುಮಾದಿಯ ಮುಂದೆಯೇ ಮಿಸ್ನಾ ಎಲ್ಲವನ್ನೂ ಬಾಯಿಬಿಟ್ಟಳು. ಕೆರ್ತೊಸೊನೊದಲ್ಲಿ ಅವಳಿಗೆ ಆಗ ಹದಿನೈದು. ಕಂಪನಿ ಬಂದಾಗ ಏಳು ರಾತ್ರಿಯೂ ತಪ್ಪದೆ ಹೋಗಿ ಕೂತಿದ್ದಳು, ಟಿಕೆಟ್ಟಿಗೆ ಮನೆಯ ಬಾತುಮೊಟ್ಟೆ ಕದ್ದು ಮಾರಿದ್ದಳು. ಕೊನೆಗೆ ಫೋಟೊವನ್ನೂ ಕದ್ದಳು. ಮದುವೆಯಾಗಿ ಬಂದ ಮೇಲೆ ಗಂಡ ಪೆಟ್ಟಿಗೆಯಲ್ಲಿ ಅದನ್ನು ಕಂಡು, ಯಾರೀ ಚೆಲುವ ಎಂದು ಕೇಳಿದ. ಹೆದರಿಕೆಗೆ ಅಣ್ಣ ಅಂದುಬಿಟ್ಟಳು. ಹಾಗಾದರೆ ಅಣ್ಣನನ್ನು ನೋಡಿಕೊಂಡು ಬರೋಣ ಎಂದು ಗಂಡ ಹೊರಟು ನಿಂತಾಗ ಅಣ್ಣನನ್ನು ಸಮುದ್ರದಲ್ಲಿ ಮುಳುಗಿಸಬೇಕಾಯಿತು. ಗಂಡ ದೇವರಂಥ ಮನುಷ್ಯ, ಅವತ್ತೇ ಸಂಜೆ ಹೂವು ತಂದು ಎಡೆ ಇಡಿಸಿದ. ಅಲ್ಲಿಂದಾಚೆ ನಿಜ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಜುಮಾದಿ ಹಣೆ ಚಚ್ಚಿಕೊಂಡ. ಚಿಕ್ಕಂದಿನಲ್ಲಿ ಪರೀಕ್ಷೆಗೆ ಮುಂಚೆಲ್ಲ ಈ ಮಾವನಿಗೇ ಬೇಡಿಕೊಂಡು ಹೋಗುತ್ತಿದ್ದೆ ಎಂದು ನೊಂದು ಹೇಳಿದ. ಅದಕ್ಕೇ ಫೇಲಾಗಿದ್ದು, ನಂಗೆ ಲೆಕ್ಕ ಬರ್ತಿರಲಿಲ್ಲ, ಎಂದು ಬು ವರ್ಸಿನಿ ಅವನ ಬೆನ್ನು ತಟ್ಟಿದಳು.

ಮಿಸ್ನಾಳ ಗಂಡ ತೀರಿಕೊಂಡಾಗ ಜುಮಾದಿಗೆ ಹದಿನಾಲ್ಕು. ಮನೆಯಲ್ಲಿ ಉಳಿದದ್ದು ಈ ಲಾರಿ ಒಂದೇ, ಮಾರಿಬಿಡು ಎಂದರು ನೆಂಟರು. ಮಿಸ್ನಾ ಮಾರಲಿಲ್ಲ, ಓಡಿಸಲು ಕಲಿತಳು. ಹದಿನೈದು ವರ್ಷ ಮರಳು, ಕಬ್ಬು, ಇಟ್ಟಿಗೆ ಹೊತ್ತು ಸುರಬಾಯದವರೆಗೆ ಓಡಿಸಿದಳು. ಲಾರಿ ಸ್ಟ್ಯಾಂಡಿನಲ್ಲಿ ಗಂಡಸರು ಸೀಟಿ ಹೊಡೆದಾಗ, ಹುಬ್ಬು ಏರಿಸಿ ನಿಲ್ಲುವುದನ್ನು ಈ ಫೋಟೊದ ಎದುರು ನಿಂತು ಅಭ್ಯಾಸ ಮಾಡಿದ್ದಳು. ಬೆನ್ನುನೋವು ಬಂದು ಲಾರಿಯನ್ನು ಮಗನಿಗೆ ಬಿಡುವಾಗ, ಹಿಂದೆ ಈ ಚಿತ್ರವನ್ನೇ ಬರೆಸಬೇಕೆಂದು ಹಟ ಹಿಡಿದದ್ದು ಅದಕ್ಕೇ.

ಬು ವರ್ಸಿನಿ ಕೇಳುತ್ತಾ ಕೂತಿದ್ದಳು. ಒಬ್ಬರಾದರೂ ನಂಬಲಿ ಎಂಬುದಷ್ಟೇ ಅವಳಿಗೆ ಬೇಕಾಗಿದ್ದದ್ದು. ಯಾರೋ ತನ್ನ ಮೀಸೆಯನ್ನು ನಂಬಿಕೊಂಡು ಲಾರಿಯನ್ನೇ ಓಡಿಸಿಬಿಟ್ಟಿದ್ದರು. ವಿವಿಕ್ ತನ್ನ ಮಾವ ಪಾಕ್ ದಾರ್ತೊಗೆ ಫೋನ್ ಹಚ್ಚಿ, ರಾಜಕುಮಾರರು ಇವತ್ತು ಊಟಕ್ಕೆ ಬರುವುದಿಲ್ಲವಂತೆ, ನೀವೇ ಇಲ್ಲಿಗೆ ಬಂದು ಕಣ್ಣಾರೆ ನೋಡಿಕೊಂಡು ಹೋಗಬೇಕಂತೆ ಎಂದು ಒಪ್ಪಿಸುತ್ತಿದ್ದಳು.

ಪಾಕ್ ಗಿಮನ್ ಕೆಮ್ಮಿದ. ಹೊತ್ತು ಹೋಗುತ್ತಿದೆ, ಮುಖ ಹೀಗೆ ಬೋಳಾಗಿ ಬಿಟ್ಟರೆ ಲಾರಿ ರಸ್ತೆಗೆ ಹೋಗುವಂತಿಲ್ಲ, ಮೀಸೆ ವಾಪಸು ಬರೆಯಲೋ ಓಲೆ ಬರೆಯಲೋ ಬೇಗ ಹೇಳಿ ಎಂದ. ಜುಮಾದಿ ಬಾಯಿ ತೆರೆದು, ತಾಯಿಯ ಮುಖ ನೋಡಿ ಮುಚ್ಚಿಕೊಂಡ. ಬು ವರ್ಸಿನಿ ಮಿಸ್ನಾಳ ಕಡೆ ತಿರುಗಿದಳು. ಅಷ್ಟು ಹೊತ್ತಿನಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆಯನ್ನು ಈಗ ಕೇಳಿದಳು.

"ನಾನು ಹೆಣ್ಣು ಅಂತ ಗೊತ್ತಾದಾಗ ನಿಂಗೆ ಬೇಜಾರಾಗಿರ್ಬೇಕಲ್ವೇನಮ್ಮ?"

ಮಿಸ್ನಾ ಫೋಟೊದ ಗಾಜನ್ನು ಸೆರಗಿನಂಚಿನಿಂದ ಒರೆಸಿ, ಅವಳ ಮಡಿಲಲ್ಲಿಟ್ಟಳು.

"ಆರು ರಾತ್ರಿ ನಿಮ್ಮನ್ನ ಮದುವೆ ಆಗ್ಬೇಕು ಅಂತಿತ್ತು ಅಕ್ಕ. ಏಳನೇ ರಾತ್ರಿ ಸಿಗರೇಟು ಪ್ಯಾಕು ಕೊಡೋಣ ಅಂತ ಹಿಂದಿಂದ ಬಂದು ಬಿದಿರು ತಟ್ಟಿ ಸಂದೀಲಿ ನೋಡ್ದೆ. ನೀವು ರುಮಾಲು ಬಿಚ್ತಿದ್ರಿ. ಮೊಣಕಾಲ್ತನಕ ಕೂದ್ಲು ಬಿತ್ತು, ಮೀಸೆ ಇನ್ನೂ ಹಾಗೇ ಇತ್ತು. ನಿಮ್ಮನ್ನ ಮದುವೆ ಆಗೋದು ಬೇಡ, ನೀವೇ ಆಗ್ಬೇಕು ಅನ್ನಿಸ್ತು. ಅಲ್ಲಿಂದ ಸೀದಾ ಹೋಗಿ ಫೋಟೊ ಕದ್ದೆ."

ಬು ವರ್ಸಿನಿ ಫೋಟೊವನ್ನು ಮಿಸ್ನಾಳ ಕೈಗೆ ಕೊಟ್ಟು, ತೊಡೆಯ ಮೇಲೆ ಕೈಯೂರಿ ಎದ್ದು, ರುಮಾಲು ಬಿಚ್ಚಿ, ನರೆತ ಕೂದಲನ್ನು ಹೆಗಲಿನ ಮೇಲೆ ಮುಂದಕ್ಕೆ ಬಿಟ್ಟುಕೊಂಡಳು. ಕೆಟಲಿಯಿಂದ ಇನ್ನೊಂದಿಷ್ಟು ಮಸಿ ತೆಗೆದು ಕರಗಿದ ಮೀಸೆಯನ್ನು ತೀಡಿ ನೆಟ್ಟಗೆ ಮಾಡಿಕೊಂಡಳು. ಗಿಮನ್‌ನ ಎದುರು ಬಂದು ನಿಂತು, "ಮೀಸೆ, ಕೂದ್ಲು ಎರಡೂ ಬರಿಯಪ್ಪ," ಎಂದಳು, "ಇದ್ದ ಹಾಗೇ ಬರಿ."

ಗಿಮನ್ ನಿಟ್ಟುಸಿರಿಟ್ಟು ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆರೆದ.